ಅಕ್ಕ ತುಳಿಯಬಾರದ ಹೊಸ್ತಿಲು

ಟೋಕಿಲೂಪೆ ಬಾಯಿ ತೆರೆದರೆ ನಮ್ಮೂರಿನ ಗಂಡಸರು ಮಾತು ನಿಲ್ಲಿಸುತ್ತಿದ್ದರು. ದಪ್ಪ ಹೆಂಗಸು, ಗಟ್ಟಿ ಗಂಟಲು, ಕೈಯಲ್ಲಿ ಸದಾ ತೊಗಟೆ ಬಡಿಯುವ ಮರದ ಕೊಡತಿ. ಮನೆತನದ ಹಿರಿಯ ಮಗಳು. ಟೋಂಗಾದಲ್ಲಿ ಅಕ್ಕತಂಗಿಯರ ಸ್ಥಾನ ಅಣ್ಣತಮ್ಮಂದಿರಿಗಿಂತ ಒಂದು ಮೆಟ್ಟಿಲು ಮೇಲು. ಮದುವೆಯಾಗಲಿ ಸಾವಾಗಲಿ, ಎತ್ತರದ ಜಾಗ ಅವಳದೇ. ಅವಳು ಬೆರಳು ಮಾಡಿ ತೋರಿಸಿದ ಹಂದಿಯನ್ನು ಕೊಡುವುದಿಲ್ಲ ಎನ್ನುವ ಎದೆಗಾರಿಕೆ ಬಳಗದಲ್ಲಿ ಯಾರಿಗೂ ಇರಲಿಲ್ಲ. ನಾನು ಪಕ್ಕದ ಮನೆಯ ಮಾತೇಲಿತಾ. ಒಂದೇ ದಿಮ್ಮಿಯ ಆ ಬದಿಗೆ ಅವಳು, ಈ ಬದಿಗೆ ನಾನು. ತೊಗಟೆ ಬಡಿದು ಬಟ್ಟೆ ಮಾಡುತ್ತ, ಊರಿನವರ ಮಾನವನ್ನೂ ಅಷ್ಟಿಷ್ಟು ಬಡಿಯುತ್ತ, ಇಬ್ಬರೂ ಕೂದಲು ಬೆಳ್ಳಗಾಗಿಸಿಕೊಂಡೆವು.

ಅಂಥವಳಿಗೂ ಒಂದು ಜಾಗಕ್ಕೆ ಕಾಲಿಡುವ ಹಕ್ಕಿರಲಿಲ್ಲ. ಅದು ಅವಳ ಹಿತ್ತಲಲ್ಲೇ ಇದ್ದ ತಮ್ಮನ ಗುಡಿಸಲು.

ತಮ್ಮ ಕೆಲೇಪಿಯನ್ನು ಸಾಕಿದವಳು ಅವಳೇ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಕಂಕುಳಲ್ಲಿ ಅವನನ್ನು ಇಟ್ಟುಕೊಂಡೇ ಅವಳು ತೊಗಟೆ ಬಡಿದದ್ದು ನನಗೆ ನೆನಪಿದೆ. ಮೀಸೆ ಮೂಡುವ ವಯಸ್ಸಿಗೆ ಅವನು ಪದ್ಧತಿಯಂತೆ ಹಿತ್ತಲ ಗುಡಿಸಲಿಗೆ ಹೋದ. ಆಮೇಲೆ ಅವಳು ಅವನ ಹೊಸ್ತಿಲು ತುಳಿಯಲಿಲ್ಲ, ಅವನು ಅವಳು ಮಲಗುವ ಕೋಣೆಗೆ ಇಣುಕಲಿಲ್ಲ. ಅಕ್ಕ ಒಳಗೆ ಬಂದರೆ ತಮ್ಮ ಎದ್ದು ಹೊರಡಬೇಕು. ಅವಳೆದುರು ದನಿ ಏರಿಸಬಾರದು, ಕೈ ಎತ್ತಬಾರದು, ಪೋಲಿ ಮಾತಾಡಬಾರದು, ಮೈ ಮುಟ್ಟಬಾರದು. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ನಡೆಯಲು ಕಲಿತ ಹಾಗೆ ಬಂದುಬಿಡುತ್ತದೆ. ಟೋಕಿಲೂಪೆಗೆ ಮಕ್ಕಳಾಗಲಿಲ್ಲ. ಮೀನಿಗೆ ಹೋದ ಗಂಡ ಹಿಂತಿರುಗಲಿಲ್ಲ. ಹಾಗಾಗಿ ಅವಳ ಜೀವವೆಲ್ಲ ಆ ಗುಡಿಸಲಿನ ಕಡೆಗೇ ಇತ್ತು. ಮೂರು ಹೊತ್ತೂ ತಟ್ಟೆ ತುಂಬಿಸಿ, ಯಾವುದಾದರೂ ಮಗುವಿನ ಕೈಯಲ್ಲಿ ಅವನ ಬಾಗಿಲಿಗೆ ಕಳಿಸುತ್ತಿದ್ದಳು.

ಕೆಲೇಪಿ ಆಸ್ಟ್ರೇಲಿಯಾದ ಹಣ್ಣಿನ ತೋಟಗಳಿಗೆ ಕೂಲಿಗೆ ಹೋಗಿ ಬಂದ ವರ್ಷ ನಮಗೆಲ್ಲ ಆಶ್ಚರ್ಯವೋ ಆಶ್ಚರ್ಯ. ಹೋಗುವಾಗ ಮೈಗಳ್ಳ, ಬರುವಾಗ ಯಂತ್ರ. ಬೆಳಗಾಗುವುದರೊಳಗೆ ಗೆಣಸಿನ ತೋಟ ಅಗೆದಿರುತ್ತಿದ್ದ. ಇಗರ್ಜಿಯ ಹಬ್ಬದೂಟಕ್ಕೆ ನೆಲದೊಲೆ ತೋಡುವವನು ಅವನೇ, ಕಲ್ಲು ಕಾಯಿಸುವವನೂ ಅವನೇ. ಪಾದ್ರಿಗಳು ವೇದಿಕೆಯ ಮೇಲೆ ನಿಂತು, ಉಳಿದ ಹುಡುಗರು ಅವನನ್ನು ನೋಡಿ ಕಲಿಯಬೇಕೆಂದರು. ನಾನು ಸುಮ್ಮನಿರಲಾರದೆ ಚುಡಾಯಿಸಿದೆ.

"ನಿನ್ ತಮ್ಮ ಅಲ್ಲಿ ಏನ್ ತಿಂದ್ಕೊಂಡ್ ಬಂದ್ನೇ ಟೋಕಿ? ನಮ್ಮನೆಯವ್ರಿಗೂ ಒಂಚೂರು ತರ್ಸಿಕೊಡು. ಬಿಸ್ಲು ನೆತ್ತಿಗ್ ಬಂದ್ರೂ ಹಾಸ್ಗೆ ಬಿಟ್ಟು ಏಳಲ್ಲ."

"ನಾನ್ ಸಾಕಿದ್ ಕೈಗುಣ ಕಣೇ ಅದು," ಎಂದಳು ಕೊಡತಿ ನಿಲ್ಲಿಸದೆ. "ನಿನ್ ಗಂಡನ್ನ ನೀನು ಹಂದಿ ಸಾಕ್ದಂಗ್ ಸಾಕಿದ್ದೀಯ, ಅವನೇನ್ ಮಾಡ್ತಾನೆ ಪಾಪ."

ನಕ್ಕೆವು. ಆ ಹಬ್ಬದ ಊಟದಲ್ಲಿ ಕೆಲೇಪಿ ಒಂದು ತುತ್ತೂ ತಿನ್ನಲಿಲ್ಲ ಎಂಬುದನ್ನು ನೋಡಿದ್ದೆವು, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಎಲೆ ಮುಂದೆ ಕೂತು ಊಟ ಬೇಡವೆನ್ನುವವನು ಒಂದೋ ಸಾಯುತ್ತಿರಬೇಕು, ಇಲ್ಲ ಯಾವಳ ಮೇಲೋ ಮನಸ್ಸಿಟ್ಟಿರಬೇಕು. ಎರಡನೆಯದೇ ಇರಬಹುದೆಂದು ಹೆಂಗಸರು ಹುಡುಗಿಯರ ಹೆಸರು ಲೆಕ್ಕ ಹಾಕಿದರು.

ಬರಬರುತ್ತ ಅವನ ಕೆನ್ನೆಯ ಎಲುಬು ಎದ್ದು ಕಾಣತೊಡಗಿತು. ಹಲ್ಲು ಕಡಿಯುವ ಸದ್ದು ಬೇಲಿಯಾಚೆ ನನಗೂ ಕೇಳುತ್ತಿತ್ತು. ತೋಳುಗಳನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡ. ಬೇರು ಅರೆದು ಕಲಸಿದ ಕಾವಾವನ್ನು ನಿಧಾನಕ್ಕೆ ಕುಡಿಯುತ್ತ ಹರಟುವ ಗಂಡಸರ ನಡುವೆ ಕೂತರೆ ಒಂದು ಬಟ್ಟಲು ಮುಗಿಯುವುದರೊಳಗೆ ಎದ್ದು ಹೋಗುತ್ತಿದ್ದ. ಸರಿಯಾಗಿದ್ದ ರೇಡಿಯೋವನ್ನು ಬಿಚ್ಚಿದ, ಪಾದ್ರಿಗಳ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿದ, ರಿಪೇರಿ ಮಾಡಿಕೊಡುತ್ತೇನೆಂದು ನನ್ನ ಹೊಲಿಗೆ ಯಂತ್ರ ಒಯ್ದು ಅದನ್ನೂ ಬಿಚ್ಚಿದ. ಮತ್ತೆ ಕೂಡಿಸಲು ಅವನಿಗೆ ವ್ಯವಧಾನವಿರಲಿಲ್ಲ. ನನ್ನ ಯಂತ್ರ ಇವತ್ತಿಗೂ ಒಂದು ಬಕೆಟ್ಟಿನಲ್ಲಿದೆ. ಆಮೇಲೆ ಗುಡಿಸಲಿನ ಕಿಟಕಿಗೆ ತಗಡು ಹೊಡೆದ. ಮಾಡಿನ ಮೇಲೆ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆಂದು ಮೇಲಕ್ಕೆ ಕಲ್ಲು ಎಸೆದ. ಟೋಕಿಲೂಪೆ ಅಂಗಳದಲ್ಲೇ ನಿಂತು, "ಏನಾಯ್ತೋ ಕೆಲೇಪಿ?" ಎಂದು ಕೂಗುವಳು. "ಏನಿಲ್ಲ ಅಕ್ಕ, ನೀವ್ ಮಲಗಿ," ಎಂದು ಒಳಗಿನಿಂದ ದನಿ ಬರುವುದು. ಹೋಗಿ ನೋಡುವಂತಿಲ್ಲ, ನೋಡದೆ ಇರುವಂತಿಲ್ಲ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಹೀಗಿರುವಾಗ ಬಳಗದಲ್ಲಿ ಒಂದು ಸಾವಾಯಿತು. ಹಿರಿಯ ಮಗಳಾಗಿ ಟೋಕಿಲೂಪೆ ನಯವಾದ ಚಾಪೆ ಒಯ್ಯಬೇಕಿತ್ತು. ಅವಳ ತಾಯಿಯಿಂದ ಬಂದ ಚಾಪೆಯೊಂದಿತ್ತು, ಮುಟ್ಟಿದರೆ ರೇಷ್ಮೆ. ಇಂಥ ಚಾಪೆಗಳೇ ನಮ್ಮ ಹೆಂಗಸರ ಆಸ್ತಿ. ಅದನ್ನು ಅವಳು ತನ್ನ ಹಾಸಿಗೆಯ ಕೆಳಗೆ ಹಾಸಿಟ್ಟಿದ್ದಳು. ನಾನು ಒಂದು ತುದಿ ಹಿಡಿದೆ, ಅವಳು ಒಂದು ತುದಿ ಹಿಡಿದಳು, ಹಾಸಿಗೆ ಎತ್ತಿದೆವು. ಕೆಳಗೆ ಬರೀ ಹಲಗೆ. ಮಂಚದ ಕಾಲಿನ ಬಳಿ ಕೆಲೇಪಿಯ ಸ್ಕ್ರೂಡ್ರೈವರ್ ಬಿದ್ದಿತ್ತು.

ಅವಳು ಕೂಗಾಡುತ್ತಾಳೆಂದು ಕಾದೆ. ಹಾಸಿಗೆಯನ್ನು ಮೆಲ್ಲಗೆ ಇಳಿಸಿ ಅದರ ಮೇಲೆ ಕುಸಿದು ಕೂತಳು.

"ಚಾಪೆ ಹೋದ್ರೆ ಹೋಗ್ಲಿ ಮಾತೇ. ಅವ್ನು ನನ್ ಕೋಣೆಗ್ ಬಂದಿದ್ದಾನೆ."

"ಟೋಕಿ..."

"ಬುದ್ಧಿ ನೆಟ್ಟಗಿರೋ ಯಾವ್ ಗಂಡ್ಸು ಅಕ್ಕನ ಹಾಸ್ಗೆ ಎತ್ತಿ ನೋಡ್ತಾನೆ? ನೀನೇ ಹೇಳು. ಅದು ಅವ್ನಲ್ಲ. ಅವ್ನ ಮೈಮೇಲೆ ಬಂದಿರೋದು."

ಅವಳ ಮಾತಿಗೆ ನಾನೂ ತಲೆಯಾಡಿಸಿದೆ. ಬೇರೆ ದೇಶದ ಹೆಂಗಸಾಗಿದ್ದರೆ ಕಳ್ಳನೆಂದು ಬೈದು ಮುಗಿಸುತ್ತಿದ್ದಳು. ನಮಗೆ ಕಳ್ಳತನ ಅರ್ಥವಾಗುತ್ತದೆ, ಅಕ್ಕನ ಕೋಣೆಗೆ ಕಾಲಿಡುವುದು ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಸತ್ತವರ ತಲೆಗೆ ಕಟ್ಟುವುದು ನಮ್ಮ ರೂಢಿ. ಮದ್ದು ಕೊಡುವ ಮುದುಕಿಯನ್ನು ಕರೆಸಿದರು. ಅವಳು ಕೆಲೇಪಿಯನ್ನು ದೂರದಿಂದ ನೋಡಿದಳು, ಅವನು ದವಡೆ ತಿರುಗಿಸುವುದನ್ನು ನೋಡಿದಳು, ತಾಯಿಯ ಎಲುಬಿಗೆ ಬೇರು ಹೊಕ್ಕಿದೆ ಎಂದಳು. ಗೋರಿಯೊಳಗೆ ಸತ್ತವರಿಗೆ ಎಲ್ಲಿ ನೋವೋ ಬದುಕಿದವರಿಗೂ ಅಲ್ಲೇ ನೋವು ಎಂಬುದು ನಮ್ಮವರ ನಂಬಿಕೆ.

ಬಳಗದ ಗಂಡಸರು ಮರಳು ಸರಿಸಿ ಗೋರಿ ತೆರೆದರು. ಸುಳ್ಳಲ್ಲ, ಗಾಳಿಮರದ ಒಂದು ಬೇರು ತಾಯಿಯ ದವಡೆಯ ಎಲುಬನ್ನು ಸುತ್ತಿಕೊಂಡಿತ್ತು. ಟೋಕಿಲೂಪೆ ಬೇರು ಕತ್ತರಿಸಿ, ತಾಯಿಯ ಎಲುಬುಗಳನ್ನು ಒಂದೊಂದಾಗಿ ತೆಂಗಿನೆಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಮತ್ತೆ ಮಲಗಿಸಿದಳು. ಅಂದೇ ಸಂಜೆ ಕೆಲೇಪಿ ಗುಡಿಸಲಿನ ಬಾಗಿಲಲ್ಲೇ ಉರುಳಿ ನಿದ್ದೆಹೋದ. ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದವನು ಗೆಣಸು, ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸ, ಕೊಟ್ಟದ್ದನ್ನೆಲ್ಲ ಬಕಬಕನೆ ತಿಂದ. ತಿಂದು ಅತ್ತ. ಊರೇ ಹಿಗ್ಗಿತು. ಟೋಕಿಲೂಪೆ ಹಂದಿ ಕೊಯ್ಯಿಸಿದಳು.

ಕೆಲೇಪಿ ಅಂಗಳದ ಆ ತುದಿಯಲ್ಲಿ ತಲೆತಗ್ಗಿಸಿ ಕೂತು ಕೇಳಿದ, "ಅವ್ವನ ಗೋರಿ ತೆಗ್ಸಿದ್ರಾ ಅಕ್ಕ?"

"ಹೂಂ ಕಣಪ್ಪ. ಈಗ ನೆಮ್ಮದಿಯಾಗವ್ಳೆ."

"ನಿಜವಾಗ್ಲೂ ಅವ್ವನೇ ಇದ್ಲಾ?"

"ಇನ್ಯಾರಿರ್ತಾರೋ?" ಎಂದು ನಕ್ಕಳು. ಅವನು ನಗಲಿಲ್ಲ.

ನನಗೆ ಮಾತ್ರ ಆ ನಿದ್ದೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು. ಆಕ್ಲೆಂಡಿನಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ ಹೀಗೇ ಸತ್ತವನಂತೆ ನಿದ್ದೆಹೋಗಿ, ಎದ್ದು ಹೀಗೇ ತಿಂದಿದ್ದ. ಮತ್ತೆ ಆ ಮಾಲು ಕೈಗೆ ಸಿಕ್ಕೊಡನೆ ಊಟ ನಿದ್ದೆ ಎರಡನ್ನೂ ಮರೆತಿದ್ದ. ನಮ್ಮೂರಿಗೆ ಕಪ್ಪು ಗಾಜಿನ ಕಾರಿನಲ್ಲಿ ಬರುವವನೊಬ್ಬನಿದ್ದ. ಆ ವಾರ ಅವನು ಉತ್ತರದ ದ್ವೀಪಗಳಿಗೆ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು. ಅವನ ಕಾರು ಮತ್ತೆ ತೆಂಗಿನ ತೋಪಿನ ಹತ್ತಿರ ನಿಂತದ್ದನ್ನು ಕಂಡೆ. ಮಾರನೆಯ ದಿನದಿಂದ ಬೇಲಿಯಾಚೆ ಹಲ್ಲು ಕಡಿಯುವ ಸದ್ದು ಶುರುವಾಯಿತು.

ಆ ಕಾರಿನವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಗರ್ಜಿಗೆ ಎಲ್ಲರಿಗಿಂತ ದೊಡ್ಡ ಕಾಣಿಕೆ ಅವನದೇ, ಆದ್ದರಿಂದ ಅವನ ಕಸುಬು ಏನೆಂದು ಯಾರೂ ಕೇಳುವುದಿಲ್ಲ. ದೋಣಿಗಳ ಎಂಜಿನ್ ಕಾಣೆಯಾಗುತ್ತಿದ್ದವು. ಕಾವಾ ಬಟ್ಟಲಿನ ಸುತ್ತ ಹುಡುಗರ ಜಾಗ ಖಾಲಿಯಾಗುತ್ತಿತ್ತು. ಹೆಂಡತಿಯರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಿದ್ದರು. ಊರು ಮಾತ್ರ ಭಾನುವಾರ ಬಿಳಿ ಬಟ್ಟೆ ಉಟ್ಟು ಹಾಡುತ್ತಿತ್ತು.

ದಿಮ್ಮಿಯ ಮುಂದೆ ಕೂತಾಗ ಧೈರ್ಯ ಮಾಡಿದೆ. "ಟೋಕಿ, ಬೈಬೇಡ, ಮೊದ್ಲು ಕೇಳು. ಇದು ದೆವ್ವ ಅಲ್ಲ. ಐಸು."

"ಯಾವ ಐಸು?"

"ಗಾಜಿನ್ ಚೂರಿನಂಗಿರ್ತದಲ್ಲ, ಕಾಯ್ಸಿ ಹೊಗೆ ಎಳ್ಕೊಳ್ತಾರಲ್ಲ, ಅದು. ನಮ್ಮಕ್ಕನ ಮಗನೂ ಹಿಂಗೇ ಇದ್ದ. ಚರ್ಮದೊಳ್ಗೆ ಹುಳ ಹರೀತವೆ ಅಂತ ರಕ್ತ ಬರೋಹಂಗೆ ಕೆರ್ಕೊಳ್ಳೋನು. ಯಾರೋ ಕೊಲ್ಲೋಕ್ ಬರ್ತವ್ರೆ ಅಂತ ಬಾಗ್ಲು ಹಾಕ್ಕೊಳ್ಳೋನು. ಕೊನೆಗೆ ಎದೆ ತಡ್ಕೊಳ್ಲಿಲ್ಲ. ಎಳೇ ವಯಸ್ಸು ಕಣೇ."

"ಬೇರನ್ನ ಕಣ್ಣಾರೆ ಕಂಡಿದ್ದೀಯಲ್ಲೇ ನೀನು!"

"ಗಾಳಿಮರದ್ ಬುಡದಲ್ಲಿ ಹೂತ್ರೆ ಬೇರಿರ್ದೆ ಇನ್ನೇನಿರ್ತದೆ ಟೋಕಿ?"

ಅವಳು ಎದ್ದಳು. ಅರ್ಧ ಬಡಿದ ತೊಗಟೆಯನ್ನು ದಿಮ್ಮಿಯಿಂದ ಎಳೆದು ಸುತ್ತಿಕೊಂಡಳು. "ನನ್ ತಮ್ಮ ಹೊಗೆ ಎಳ್ಕೊಂಡು ನನ್ ಕೋಣೆಗ್ ಬಂದ ಅಂತಿದ್ದೀಯ. ಅಂದ್ರೆ ಗೊತ್ತಿದ್ದೇ ಬಂದ ಅಂತ. ನಿನ್ ಬಾಯಿಗ್ ಹುಳ ಬೀಳ!"

ಅಲ್ಲಿಂದ ಮಾತು ಬಿಟ್ಟಳು. ಅವಳೊಬ್ಬಳೇ ಬಡಿಯುವ ಸದ್ದು ನನ್ನ ಅಡಿಗೆಮನೆಗೆ ಕೇಳುತ್ತಿತ್ತು. ಬಟ್ಟೆಗೆ ಅಷ್ಟು ಜೋರಿನ ಏಟು ಬೇಕಿರಲಿಲ್ಲ. ಅವಳಿಗೆ ಗೊತ್ತಾಗಿದೆ, ಆದರೆ ಒಪ್ಪಲಾರಳು ಎಂದು ಆ ಏಟುಗಳಿಂದಲೇ ತಿಳಿಯುತ್ತಿತ್ತು. ಇವತ್ತು ಏನಾಗುತ್ತದೋ, ಯಾರ ಕೂಗು ಕೇಳುತ್ತದೋ ಎಂದು ಕಿವಿ ನಿಮಿರಿಸಿಕೊಂಡೇ ಬೇಯಿಸಿದೆ, ಒಗೆದೆ, ಗುಡಿಸಿದೆ.

ಕೂಗು ಕೇಳಿದ್ದು ಭಾನುವಾರ, ಇಗರ್ಜಿಯಲ್ಲಿ ಹಾಡು ನಡೆಯುತ್ತಿದ್ದಾಗ. ನಮ್ಮಲ್ಲಿ ಭಾನುವಾರ ಯಾರೂ ಕಡ್ಡಿಯನ್ನೂ ಎತ್ತಿಡುವುದಿಲ್ಲ. ಅಂಥ ದಿನ ಸ್ಮಶಾನದಿಂದ ಗುದ್ದಲಿ ಸದ್ದು ಬಂತು. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತಿತು. ಓಡಿ ಹೋಗಿ ನೋಡಿದರೆ ಕೆಲೇಪಿ ತಾಯಿಯ ಗೋರಿಯೊಳಗೆ ಸೊಂಟದವರೆಗೆ ಇಳಿದಿದ್ದ.

"ಅವ್ವ ಇಲ್ಲ ಇಲ್ಲಿ! ಬದ್ಲಾಯ್ಸಿದ್ದೀರಿ! ಯಾರನ್ನೋ ತಂದ್ ಹಾಕಿದ್ದೀರಿ!"

ನಾವು ಎಲುಬು ತೊಳೆದು ವಾಸಿಮಾಡಿದೆವೆಂದು ಹಿಗ್ಗಿದ್ದೆವಲ್ಲ, ಅವನ ಕೆಟ್ಟ ತಲೆಗೆ ಕಚ್ಚಿಕೊಳ್ಳಲು ಒಂದು ಗೋರಿಯನ್ನು ಕೊಟ್ಟಿದ್ದೆವು ಅಷ್ಟೇ. ಗಂಡಸರು ಹತ್ತಿರ ಹೋದಾಗ ಮಚ್ಚು ಬೀಸಿ, ಓಡಿ ಗುಡಿಸಲು ಸೇರಿ ಅಗಳಿ ಹಾಕಿಕೊಂಡ. ಒಳಗೆ ಬಂದವರ ತಲೆ ಉರುಳಿಸುತ್ತೇನೆಂದು ಕಿರುಚಿದ. ಊರಿನ ಅಧಿಕಾರಿ ಪೇಟೆಯ ಪೊಲೀಸರಿಗೆ ಫೋನು ಮಾಡಿದ. ಬಂದೂಕು ಹಿಡಿದು ಬರುತ್ತಾರಂತೆ ಎಂದು ಯಾರೋ ಅಂದರು. ಉಳಿದವರೆಲ್ಲ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬೇಲಿಯ ಹತ್ತಿರ ನಿಂತರು. ತಗಡಿನ ಒಳಗೆ ಬಿಸಿಲಿನ ಕಾವು. ಅವನ ಉಸಿರು ಕಮ್ಮಾರನ ತಿದಿಯ ಹಾಗೆ ಹೊರಗೇ ಕೇಳುತ್ತಿತ್ತು. ಪೊಲೀಸರು ಬೇಗ ಬಂದರೆ ಗುಂಡಿಗೆ ಹೋಗುತ್ತಾನೆ, ತಡವಾಗಿ ಬಂದರೆ ಎದೆಯೊಡೆದು ಹೋಗುತ್ತಾನೆ ಎಂದು ನಾನು ರಸ್ತೆಯ ಕಡೆ ನೋಡುತ್ತ ನಿಂತೆ.

ಟೋಕಿಲೂಪೆ ನನ್ನ ಪಕ್ಕಕ್ಕೆ ಬಂದು ನಿಂತಳು. ಮಾತು ಬಿಟ್ಟ ಮೇಲೆ ಮೊದಲ ಸಲ ಬಾಯಿಬಿಟ್ಟಳು.

"ಮಾತೇ, ನಿನ್ ಅಕ್ಕನ ಮಗನಿಗೆ ಕೊನೆಕೊನೆಗೆ ಅಕ್ಕತಂಗೀರ ಮರ್ಯಾದೆ ಇತ್ತಾ?"

ಇತ್ತು ಎಂದುಬಿಡಬಹುದಿತ್ತು. ಅವನು ತನ್ನ ಅಕ್ಕನ ಕೈ ಮುರಿದಿದ್ದ.

"ಇರ್ಲಿಲ್ಲ ಟೋಕಿ."

ಅವಳು ನಮ್ಮ ಪದ್ಧತಿಯಂತೆ ಇಗರ್ಜಿಗೆಂದು ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿ ಕಟ್ಟಿದ್ದ ಚಾಪೆಯನ್ನು ಬಿಗಿಮಾಡಿಕೊಂಡಳು. ಅಂಗಳ ದಾಟತೊಡಗಿದಾಗ ಪಾದ್ರಿಗಳು ಅಡ್ಡ ಬಂದರು. "ಬೇಡಮ್ಮ, ಅದು ತಮ್ಮನ ಮನೆ. ಪದ್ಧತಿ ಅನ್ನೋದೊಂದಿದೆ."

"ಅವ್ನು ನನ್ ಕೋಣೆಗ್ ಬಂದಾಗ್ಲೇ ಪದ್ಧತಿ ಮುರೀತು ಸ್ವಾಮಿ. ಎಲ್ಲಾದ್ರೂ ಒಂಚೂರು ಉಳಿದಿದ್ಯಾ ಅಂತ ನೋಡ್ಬೇಕು ನಾನು." ಬಳಗದ ಇಬ್ಬರು ಗಂಡಸರನ್ನು ಕಣ್ಣಲ್ಲೇ ಕರೆದು ಬಾಗಿಲ ಎರಡೂ ಬದಿಗೆ ನಿಲ್ಲಿಸಿದಳು. "ಅವ್ನು ಹೊರಗೆ ಬಂದ್ರೆ ಹಿಡ್ಕೊಳ್ಳಿ. ಒಳಗಿಂದ ನಾನು ಕೂಗಿದ್ರೂ ನೀವ್ ಒಳಗ್ ಬರ್ಬೇಡಿ."

"ಕೆಲೇಪಿ, ನಾನು. ಬರ್ತಿದ್ದೀನಿ," ಎಂದು ಹೇಳಿ ಭುಜ ಕೊಟ್ಟು ನೂಕಿದಳು. ಹಳೆಯ ಅಗಳಿ ಕಿತ್ತುಬಂತು.

ತೆರೆದ ಬಾಗಿಲಲ್ಲಿ ನನಗೆ ಕಂಡಿತು. ಅವನು ಮೂಲೆಗೆ ಒತ್ತಿಕೊಂಡು ನಿಂತಿದ್ದ. ಮಚ್ಚು ತಲೆಯ ಮೇಲೆ ಎತ್ತಿತ್ತು. ತುಟಿ ಬಿರಿದು ರಕ್ತ, ಕಣ್ಣು ಕೆಂಡ. ಅವಳು ಹೊಸ್ತಿಲು ದಾಟಿ ಗುಡಿಸಲಿನ ನಡುವೆ ನಿಂತಳು. ಅವನು ಅವಳ ಮುಖ ನೋಡಲಿಲ್ಲ. ತಾನು ಮಲಗುವ ಚಾಪೆಯ ಮೇಲಿದ್ದ ಅವಳ ಪಾದಗಳನ್ನು ನೋಡಿದ.

"ಅಕ್ಕಾ... ನೀವ್ ಇಲ್ಲಿಗ್ ಬರ್ಬಾರ್ದು."

"ಬಂದಾಯ್ತಲ್ಲಪ್ಪ. ಅಕ್ಕ ಬಂದ್ಮೇಲೆ ತಮ್ಮ ಏನ್ ಮಾಡ್ಬೇಕು?"

ಮಚ್ಚು ಇನ್ನೂ ಮೇಲೆಯೇ ಇತ್ತು. ಅವನ ದವಡೆ ಒಂದೇ ಸಮನೆ ಆಡುತ್ತಿತ್ತು. ಆಮೇಲೆ ಏನು ನೆನಪಾಯಿತೋ, ತಲೆಗೆ ನೆನಪಾಗದಿದ್ದರೂ ಮೈಗೆ ನೆನಪಾಯಿತೋ, ಅವನು ಮಚ್ಚನ್ನು ನೆಲಕ್ಕೆ ಇಟ್ಟ. ಎಸೆಯಲಿಲ್ಲ, ಬಾಗಿ ಇಟ್ಟ. ಹಾಗೆಯೇ ಬಾಗಿಕೊಂಡು, ತಲೆ ಅವಳ ಭುಜಕ್ಕಿಂತ ಕೆಳಗಿರುವಂತೆ ನೋಡಿಕೊಂಡು, ಅವಳನ್ನು ಬಳಸಿ ಬಾಗಿಲಿಂದ ಹೊರಗೆ ಬಂದ. ಬಾಗಿಲ ಬದಿಯಲ್ಲಿದ್ದ ಇಬ್ಬರೂ ಅವನ ಮೇಲೆ ಬಿದ್ದರು. ಕೈಕಾಲು ಕಟ್ಟುವಾಗ ಅವನು ಒದ್ದಾಡಲಿಲ್ಲ. ಕತ್ತು ತಿರುಗಿಸಿ ಒಳಗೆ ನೋಡಿ, "ನೀವೇನಾ ಅಕ್ಕ?" ಎಂದ.

ಅವಳು ಆಗ ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಅವಳು ಕಳಿಸಿದ್ದ ತಟ್ಟೆಗಳು ಒಂದರ ಮೇಲೊಂದು ಸೊಂಟದೆತ್ತರ ನಿಂತಿದ್ದವು. ಒಂದೊಂದರಲ್ಲೂ ಊಟ ಹಾಗೇ ಒಣಗಿತ್ತು. ಪಕ್ಕದಲ್ಲಿ ಹೊಗೆ ಹಿಡಿದು ಕಪ್ಪಾದ ಗಾಜಿನ ಕೊಳವೆ.

"ಐಸೇ ಕಣೇ ಮಾತೇ," ಎಂದಳು. "ದೆವ್ವ ಆಗಿದ್ರೆ ಎಷ್ಟ್ ಚೆನ್ನಾಗಿರ್ತಿತ್ತು."

ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಎದೆಬಡಿತ ಹದಕ್ಕೆ ಬರಲು ಕೆಲವು ದಿನ ಹಿಡಿಯಿತು. ಮಾಡಿನ ಮೇಲಿನವರು ಇಳಿದು ಹೋಗಲು ಇನ್ನೂ ಹೆಚ್ಚು ದಿನ. ಬಿಟ್ಟ ಮೇಲೂ ಆ ಹೊಗೆ ಕರೆಯುತ್ತಲೇ ಇರುತ್ತದೆ, ಮನೆಗೆ ಕಳಿಸಿದ ಮೇಲೇ ನಿಜವಾದ ಕಷ್ಟ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಮನೆಯೆಂದರೆ ಅದೇ ಊರು, ಅದೇ ತೆಂಗಿನ ತೋಪು. ಕಪ್ಪು ಗಾಜಿನ ಕಾರು ಈಗಲೂ ಓಡಾಡುತ್ತಿದೆ. ಪಾದ್ರಿಗಳ ಎದುರು ಟೋಕಿಲೂಪೆ ಆ ಕಾರಿನವನ ಕಸುಬನ್ನು ಹೆಸರು ಹಿಡಿದು ಹೇಳಿದ ದಿನದಿಂದ ಅರ್ಧ ಊರು ಅವಳಿಗೆ ಮುಖ ತಿರುಗಿಸುತ್ತದೆ. ನನಗೆ ಅವಳ ಬಗ್ಗೆಯೂ ಹೆದರಿಕೆ, ಕೆಲೇಪಿಯ ಬಗ್ಗೆಯೂ ಹೆದರಿಕೆ.

ಆಸ್ಪತ್ರೆಗೆ ಸೇರಿದ ಮೊದಲ ದಿನಗಳಲ್ಲಿ ಅವನು, ವಿಷ ಹಾಕಿದ್ದಾರೆಂದು, ನರ್ಸುಗಳು ಕೊಟ್ಟದ್ದನ್ನು ಮುಟ್ಟುತ್ತಿರಲಿಲ್ಲ. ಮನೆಯವರು ಯಾರಾದರೂ ತಿನ್ನಿಸಬೇಕು ಎಂದರು. ಮನೆಯವರೆಂದು ಇದ್ದವಳು ಒಬ್ಬಳೇ. ನಾನು ತಿನ್ನಿಸುತ್ತೇನೆಂದರೆ ಅವಳು ಸಾರಿನ ಬಟ್ಟಲು ಬಿಡಲಿಲ್ಲ. ಮಂಚದ ಹತ್ತಿರ ಹೋದಳು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಅಕ್ಕ ಬಂದಳೆಂದು ಎದ್ದು ಹೋಗುವಂತಿರಲಿಲ್ಲ. ಅವನು ಗೋಡೆಗೆ ಮುಖ ಮಾಡಿದ.

"ನನ್ ಮುಖ ನೋಡ್ಬೇಡ ಬಿಡು," ಎಂದಳು. "ಬಾಯಷ್ಟೇ ತೆಗಿ."

ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಮುಚ್ಚಿಕೊಂಡೇ ಇತ್ತ ತಿರುಗಿ ಬಾಯಿ ತೆರೆದ. ಚಮಚ ತುಟಿಗೆ ತಾಗಿ ಅರ್ಧ ಸಾರು ಅವನ ಗಲ್ಲದ ಮೇಲೆ ಚೆಲ್ಲಿತು. ಒರೆಸಬೇಕಾದರೆ ಮುಟ್ಟಬೇಕಿತ್ತು. ಮುಟ್ಟಿದಳು.